ದೊಡ್ಡ ಪಿಟೀಲು

ಜೂನ್ 14, 2024, ಶುಕ್ರವಾರ

ಅಪ್ಪ ಪಿಟೀಲು ಪೆಟ್ಟಿಗೆ ತೆಗೆದು ಮೂರು ವಾರ ಆಯ್ತು. ಕೇಳಿದರೆ, "ತಾರ ಷಡ್ಜ ಮುಟ್ಟಿದ್ರೆ ತಗಡು ಕೆರೆದ ಹಾಗೆ ಕೇಳುತ್ತೆ ಕಣಮ್ಮ. ಸುಮ್ನೆ ಯಾಕೆ?" ಅಂದರು. ಕಿವಿ ಮಷೀನು ಹಾಕಿಕೊಂಡರೂ ಅಷ್ಟೇ. ವಯಸ್ಸಾದಂತೆ ಮೊದಲು ಕೈಬಿಡೋದು ಎತ್ತರದ ಶಬ್ದಗಳೇ. ನಲವತ್ತು ವರ್ಷ ಪಕ್ಕವಾದ್ಯ ನುಡಿಸಿದ ಮನುಷ್ಯ.

ಊಟ ಆದ ಮೇಲೆ ಪಾಶ್ಚಾತ್ಯ ಸಂಗೀತ ರಚನಕಾರ ಸೆಸಾರ್ ಫ್ರಾಂಕ್‌ನ ಎ ಮೇಜರ್ ಸೊನಾಟಾ ಹಾಕಿದೆ. ಪಿಟೀಲು ಮತ್ತು ಪಿಯಾನೋಗೆ ಬರೆದ, ಹಲವು ಭಾಗಗಳ ಕೃತಿ. ಅಪ್ಪನಿಗೆ ಅದರ ಕಥೆ ಹೇಳಿದೆ. 1886ರಲ್ಲಿ ಫ್ರಾಂಕ್‌ಗೆ 63 ವರ್ಷ. ಯೂಜೀನ್ ಇಜಾಯಿ ಎಂಬ ಪಿಟೀಲು ವಾದಕನ ಮದುವೆಗೆ ಇದೇ ಉಡುಗೊರೆ. ಆ ಡಿಸೆಂಬರ್‌ನಲ್ಲಿ ಬ್ರಸೆಲ್ಸ್‌ನ ಚಿತ್ರಶಾಲೆಯೊಂದರಲ್ಲಿ ಕಛೇರಿ. ಅಲ್ಲಿ ದೀಪ ಹಚ್ಚುವಂತಿಲ್ಲ, ಹೊರಗೆ ಸಂಜೆ ಕವಿದಿದೆ. ಮೊದಲ ಭಾಗ ಮುಗಿಯುವಷ್ಟರಲ್ಲಿ ಸ್ವರಲಿಪಿಯೇ ಕಾಣದಾಯ್ತು. ಇಜಾಯಿ, ಪಿಯಾನೋದಲ್ಲಿ ಲೆಯೋಂತಿನ್ ಬೋರ್ಡ್ ಪೆನ್, ಇಬ್ಬರೂ ಉಳಿದದ್ದನ್ನೆಲ್ಲ ಕತ್ತಲಲ್ಲೇ ಬಾಯಿಪಾಠದಿಂದ ನುಡಿಸಿದರು.

"ಕಣ್ಣಿಗೆ ಕಾಣದೆ ಇದ್ರೂ ನುಡಿಸಬಹುದು ಬಿಡು," ಅಂದರು ಅಪ್ಪ. ಮಷೀನು ತೆಗೆದು ಮೇಜಿನ ಮೇಲಿಟ್ಟರು. "ನೀನು ಕೇಳು."

ನನಗೆ ಅಳು ಬಂತು.

ಆಮೇಲೆ ನೆನಪಾಯ್ತು, ಇದಕ್ಕೆ ಚೆಲ್ಲೋ ರೂಪ ಇದೆಯಲ್ಲ! ಚೆಲ್ಲೋ ಅಂದರೆ ಮಂದ್ರದಲ್ಲಿ ನುಡಿಯುವ ದೊಡ್ಡ ಪಿಟೀಲು. ಜೂಲ್ ಡೆಲ್ಸಾರ್ ಎಂಬ ಚೆಲ್ಲೋ ವಾದಕ ಫ್ರಾಂಕ್‌ನ ಒಪ್ಪಿಗೆ ಪಡೆದೇ ಮಾಡಿದ್ದು. ಪಿಯಾನೋ ಭಾಗ ಹಾಗೇ ಇದೆ. ಪಿಟೀಲಿನ ಸಾಲು ಮಾತ್ರ ಬಹುಪಾಲು ಒಂದು ಸ್ಥಾಯಿ ಕೆಳಗೆ. ಬೇಡ ಬೇಡ ಅಂದರೂ ಮಷೀನು ಮತ್ತೆ ಹಾಕಿಸಿದೆ.

ಪಿಯಾನೋದ ನಾಲ್ಕು ಬಾರ್ (ನಮ್ಮ ತಾಳದ ಆವರ್ತದ ಹಾಗೆ) ಮೆಲ್ಲಗೆ ಕಳೆದವು. ಚೆಲ್ಲೋ ತೂಗಿಕೊಂಡು ಒಳಗೆ ಬಂತು. ಅಪ್ಪ ತಲೆ ಎತ್ತಿದರು.

"ಶ್ರುತಿ ಇಳಿಸಿದ್ದಾರಾ?"

"ಇಲ್ಲಪ್ಪ, ಶ್ರುತಿ ಅದೇ. ಇನ್ನೊಬ್ಬ ರಚನಕಾರ ಬ್ರಾಮ್ಸ್‌ನ ಜಿ ಮೇಜರ್ ಪಿಟೀಲು ಸೊನಾಟಾವನ್ನ ಚೆಲ್ಲೋಗೆ ತರುವಾಗ ಡಿ ಮೇಜರ್‌ಗೆ ಶ್ರುತಿಯನ್ನೇ ಬದಲಿಸಿದ್ರು. ಇಲ್ಲಿ ಸ್ಥಾಯಿ ಮಾತ್ರ ಕೆಳಗೆ."

ಅವರು ಕೇಳಿಸಿಕೊಳ್ಳಲಿಲ್ಲ. ಎಡಗೈ ಬೆರಳುಗಳು ಕುರ್ಚಿಯ ಕೈ ಮೇಲೆ ಜಾಗ ಹುಡುಕುತ್ತಿದ್ದವು. ಉಂಗುರದ ಬೆರಳು ಒಂದು ಕಡೆ ಒತ್ತಿ ನಿಂತು, ಸಣ್ಣಗೆ ನಡುಗಿತು.

ಎರಡನೇ ಭಾಗದಲ್ಲಿ ಚೆಲ್ಲೋ ಪಿಯಾನೋದ ಭಾರದಲ್ಲಿ ಮುಳುಗುತ್ತೆ. ಅಲ್ಲಿ ನನಗೆ ಪಿಟೀಲೇ ಇಷ್ಟ. ಕೊನೆಯ ಭಾಗ ಬೇರೆ. ಪಿಯಾನೋ ಒಂದು ಸಾಲು ಶುರು ಮಾಡುತ್ತೆ, ಚೆಲ್ಲೋ ಒಂದು ಬಾರ್ ಹಿಂದೆ ಅದನ್ನೇ ಹಿಡಿದು ನಡೆಯುತ್ತೆ. ಅಪ್ಪ ನೆಟ್ಟಗೆ ಕೂತರು. "ಅರೆ, ಇದು ಪಕ್ಕವಾದ್ಯ ಅಲ್ವಾ! ಹಾಡೋರ ಹಿಂದೇನೇ ಬರ್ತಿದೆ ನೋಡು. ಇನ್ನೊಂದ್ಸಲ ಹಾಕು."

ಮೂರು ಸಲ ಹಾಕಿದೆ.

ಮಲಗೋಕೆ ಎದ್ದವರು ಬಾಗಿಲಲ್ಲಿ ನಿಂತು, "ಮಂದ್ರದ ತಂತಿ ಮೇಲೇ ನುಡಿಸಿದ್ರೆ..." ಅಂದು ಹೊರಟುಹೋದರು. ಪೆಟ್ಟಿಗೆಯಲ್ಲಿರೋ ತಂತಿ ಹಳೇದು. ನಾಳೆ ಹೊಸದು ತರಬೇಕು. ಆದರೆ ಅದೂ ಅವರಿಗೆ ಸರಿಯಾಗಿ ಕೇಳಿಸದೆ ಹೋದರೆ,