ಕಗ್ಗ ಉಳಿಯಬೇಕಾದರೆ ಗಜನಿಯ ಕಟ್ಟೂ ಉಳಿಯಬೇಕು

ಶಿರಸಿಯ ಕಡೆಯ ಘಟ್ಟದಲ್ಲಿ ಹುಟ್ಟಿ, ಯಾವ ದೊಡ್ಡ ಅಣೆಕಟ್ಟಿಗೂ ಸಿಗದೆ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಅಘನಾಶಿನಿಯ ಕಣಿವೆ ಎಂದರೆ ಹಲವರಿಗೆ ಕಾಡು, ಜಲಪಾತಗಳು ನೆನಪಾಗುತ್ತವೆ. ನನಗೆ ಮೊದಲು ನೆನಪಾಗುವುದು ಅಳಿವೆಯ ಅಂಚಿನಲ್ಲಿ, ಮಾಣಿಕಟ್ಟಾದಂತಹ ಊರುಗಳ ಬಳಿ ಹರಡಿರುವ ಗಜನಿ ಭೂಮಿ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು, ಮತ್ತು ಅಲ್ಲಿ ಮಳೆಗಾಲದಲ್ಲಷ್ಟೇ ಬೆಳೆಯುವ ಕಗ್ಗ ಭತ್ತ.

ಮುಂಗಾರಿನ ನೀರು ಮಣ್ಣಿನ ಉಪ್ಪನ್ನು ತೊಳೆಯುತ್ತಿದ್ದಂತೆ ಕಗ್ಗ ಚಿಗುರುತ್ತದೆ. ಆಳೆತ್ತರಕ್ಕೆ ಬೆಳೆಯುವ ಈ ತಳಿ ಉಪ್ಪನ್ನೂ, ಕೆಲವು ದಿನಗಳ ಮುಳುಗಡೆಯನ್ನೂ ತಾಳಿಕೊಳ್ಳುತ್ತದೆ. ಗೊಬ್ಬರವನ್ನಾಗಲಿ ಔಷಧವನ್ನಾಗಲಿ ಕೇಳುವುದಿಲ್ಲ. ಕೊಯ್ಲಿನ ನಂತರ ಗದ್ದೆಗೆ ಉಬ್ಬರದ ನೀರನ್ನು ಬಿಟ್ಟಾಗ, ಅಲ್ಲೇ ಉಳಿದ ಕೂಳೆ ಕೊಳೆತು ಮೀನು, ಸಿಗಡಿಗಳಿಗೆ ಆಹಾರವಾಗುತ್ತದೆ. ಒಂದೇ ನೆಲ ವರ್ಷದ ಒಂದು ಭಾಗದಲ್ಲಿ ಅಕ್ಕಿಯನ್ನೂ ಇನ್ನೊಂದು ಭಾಗದಲ್ಲಿ ಮೀನನ್ನೂ ಕೊಡುವ ಇಂತಹ ಬೇಸಾಯವನ್ನು ಹಿಂದುಳಿದದ್ದು ಎನ್ನುವವರನ್ನು ನಾನು ಒಪ್ಪಲಾರೆ.

ಆದರೆ ಗಜನಿಯಲ್ಲಿ ಒಬ್ಬನೇ ರೈತ ಕಗ್ಗ ಬೆಳೆಯಲಾರ. ಹೊಳೆಗೂ ಗದ್ದೆಗೂ ನಡುವಿನ ಕಟ್ಟು ಎಲ್ಲರದು. ಅದರ ಬಾಗಿಲನ್ನು ಯಾವಾಗ ತೆರೆಯಬೇಕು, ಯಾವಾಗ ಹಾಕಬೇಕು ಎಂಬ ತೀರ್ಮಾನವೂ ಎಲ್ಲರದು. ಸಿಗಡಿಯ ಲಾಭ ಕಂಡು ಉಪ್ಪುನೀರನ್ನು ವರ್ಷವಿಡೀ ಒಳಗೇ ನಿಲ್ಲಿಸಿಕೊಂಡ ಕಡೆಗಳಲ್ಲಿ ಭತ್ತ ಹಿಂದೆ ಸರಿಯಿತು, ತೊಂಬತ್ತರ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಕೈಕೊಟ್ಟಿತು. ಅಷ್ಟರಲ್ಲಿ ಎಷ್ಟೋ ಗದ್ದೆಗಳು ಪಾಳುಬಿದ್ದಿದ್ದವು. ಅಕ್ಕಪಕ್ಕದ ಗದ್ದೆ ಪಾಳುಬಿದ್ದರೆ ಹಕ್ಕಿಗಳೆಲ್ಲ ಉಳಿದವನ ತೆನೆಗೇ ಎರಗುತ್ತವೆ, ಕಟ್ಟಿನ ದುರಸ್ತಿಗೆ ಸಿಗುವ ಕೈಗಳೂ ಕಡಿಮೆಯಾಗುತ್ತವೆ.

ಆದ್ದರಿಂದ, ಪರಿಚಯದ ರೈತರೊಬ್ಬರಿಂದ ವರ್ಷಕ್ಕೊಮ್ಮೆ ಐದು ಕಿಲೋ ಕಗ್ಗದ ಕೆಂಪಕ್ಕಿ ತಂದು ಗಂಜಿ ಮಾಡುವುದು ಒಳ್ಳೆಯದೇ ಆದರೂ ಸಾಲದು ಎಂದು ನನಗೆ ಅನಿಸುತ್ತದೆ. ಒಂದು ಗಜನಿಯ ರೈತರೆಲ್ಲ ಕೂಡಿ ಮಾರುವ ಅಕ್ಕಿಯನ್ನು, ಕಟ್ಟಿನ ಖರ್ಚೂ ಸೇರಿದ ಬೆಲೆಗೆ, ಸಾಧ್ಯವಾದರೆ ಬಿತ್ತನೆಗೆ ಮೊದಲೇ ಮುಂಗಡ ಕೊಟ್ಟು ಕೊಳ್ಳುವ ಮನೆಗಳು ಬೇಕು. ಕಟ್ಟು ಒಡೆಯುವುದು ಮಳೆಗಾಲದ ನೆರೆಯಲ್ಲಿ; ರೈತರ ಕೈಗೆ ಹಣ ಬರುವುದು ಕೊಯ್ಲು ಮುಗಿದ ಮೇಲೆ. ಈ ನಡುವಿನ ತಿಂಗಳುಗಳಲ್ಲಿ ಸಿಗುವ ಸಾವಿರ ರೂಪಾಯಿಗೆ ಸುಗ್ಗಿಯ ನಂತರದ ಎರಡು ಸಾವಿರಕ್ಕಿಂತ ಹೆಚ್ಚಿನ ಬಲವಿದೆ.

2024ರಲ್ಲಿ ಅಘನಾಶಿನಿಯ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ನಾನೂ ತುಂಬ ಸಂತೋಷಪಟ್ಟೆ. ಆ ಗೌರವದ ಒಂದು ಪಾಲಾದರೂ ಗಜನಿಯ ಕಟ್ಟುಗಳಿಗೆ ಮಣ್ಣಾಗಿ, ಕಲ್ಲಾಗಿ ತಲುಪಬೇಕು, ಅದೂ ಮುಂದಿನ ಮುಂಗಾರಿಗೆ ಮೊದಲೇ.