ವಿಷಯ ಬ್ಯಾಂಡಿನದೋ, ಬರೆದವರದೋ: ಪಿಂಕ್ ಫ್ಲಾಯ್ಡ್ ಹಾಡುಗಳಿಗೆ ಸೂಚಿ ಬರೆಯುತ್ತಾ ಕಲಿತದ್ದು

ಧ್ವನಿಮುದ್ರಿಕೆಗಳ ಸಂಗ್ರಹಾಲಯವೊಂದರಲ್ಲಿ ವಿಷಯಸೂಚಿ ತಯಾರಿಸುವುದು ನನ್ನ ಕೆಲಸ. ಹಾಡು ಯಾವ ಆಲ್ಬಮ್‌ನದು, ಯಾವ ವರ್ಷದ್ದು, ಯಾರು ಹಾಡಿದ್ದಾರೆ ಎಂಬುದೆಲ್ಲ ಮುದ್ರಿಕೆಯ ಹೊದಿಕೆಯಲ್ಲೇ ಸಿಗುತ್ತದೆ. ಆದರೆ ಆ ಹಾಡು ಏನನ್ನು ಕುರಿತದ್ದು ಎಂಬ ಅಂಕಣವನ್ನು ಮಾತ್ರ ನಾವೇ ಕೇಳಿ, ಸಾಹಿತ್ಯವನ್ನು ಓದಿ ತುಂಬಬೇಕು. ಸಂಶೋಧಕರೂ ರೇಡಿಯೋ ಕಾರ್ಯಕ್ರಮ ರೂಪಿಸುವವರೂ ಆ ಅಂಕಣವನ್ನೇ ನಂಬಿ ಹುಡುಕುವುದರಿಂದ, ಅಲ್ಲಿ ಬರೆದ ಒಂದು ಪದ ಆ ಹಾಡಿನ ಹಣೆಬರಹವೇ ಆಗಿಬಿಡುತ್ತದೆ. ಈ ಅಂಕಣವನ್ನು ಹೇಗೆ ತುಂಬಬೇಕು ಎಂಬುದನ್ನು ನನಗೆ ಎಲ್ಲಕ್ಕಿಂತ ಚೆನ್ನಾಗಿ ಕಲಿಸಿದ್ದು ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ರಾಕ್ ಬ್ಯಾಂಡ್, ಮತ್ತು ಅದರ ಅಭಿಮಾನಿಗಳ ನಡುವೆ ಇಂದಿಗೂ ಮುಗಿಯದ ವಾದ.

1965ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡು, 2014ರಲ್ಲಿ ಕೊನೆಯ ಸ್ಟುಡಿಯೋ ಆಲ್ಬಮ್ ಹೊರತಂದ ಬ್ಯಾಂಡ್ ಇದು. ಇಷ್ಟು ದೀರ್ಘ ಕಾಲ ಹಾಡಿದವರಲ್ಲಿ ಕೆಲವು ವಿಷಯಗಳು ಮತ್ತೆ ಮತ್ತೆ ಬರುವುದು ಸಹಜ. ಆ ವಿಷಯ ಯಾವುದು ಎಂಬಲ್ಲಿಗೆ ಬಂದಾಗ ಕೇಳುಗರು ಗುಂಪುಗುಂಪಾಗಿ ಒಡೆಯುತ್ತಾರೆ. ಮೊದಲ ದಿನಗಳ ಗೀತರಚನಕಾರ ಸಿಡ್ ಬ್ಯಾರೆಟ್ ಮಾನಸಿಕವಾಗಿ ಕುಸಿದು 1968ರಲ್ಲಿ ಬ್ಯಾಂಡಿನಿಂದ ದೂರವಾದ ನೋವೇ ಎಲ್ಲ ಹಾಡುಗಳ ಬೇರು ಎಂದು ಕೆಲವರು ಹೇಳುತ್ತಾರೆ. ಬ್ಯಾಂಡಿನ ಬಾಸ್ ಗಿಟಾರ್ ವಾದಕ, ಗೀತರಚನಕಾರ ರೋಜರ್ ವಾಟರ್ಸ್ ಅವರ ತಂದೆ ಎರಡನೆಯ ಮಹಾಯುದ್ಧದಲ್ಲಿ ತೀರಿಕೊಂಡದ್ದೇ ಮೂಲ ಎಂದು ಇನ್ನು ಕೆಲವರು ಹಟ ಹಿಡಿಯುತ್ತಾರೆ. ಮನುಷ್ಯರ ನಡುವೆ ಮಾತು ಕಡಿದುಹೋಗುವುದೇ ಎಲ್ಲಕ್ಕೂ ಸಲ್ಲುವ ವಿಷಯ ಎನ್ನುವವರೂ ಇದ್ದಾರೆ. ಮೂರೂ ಕಡೆಯವರು ಹಾಡುಗಳನ್ನು ನನಗಿಂತ ಆಳವಾಗಿ ಬಲ್ಲವರು, ಮೂವರ ಬಳಿಯೂ ಪುರಾವೆಗಳಿವೆ. ಆದ್ದರಿಂದಲೇ ಅವರ ಜಗಳ ನನ್ನಂಥವರಿಗೆ ಅಮೂಲ್ಯ.

ಯುದ್ಧದ ವಾದವನ್ನು ಮೊದಲು ನೋಡೋಣ. ಎರಿಕ್ ಫ್ಲೆಚರ್ ವಾಟರ್ಸ್ 1944ರ ಫೆಬ್ರವರಿಯಲ್ಲಿ ಇಟಲಿಯ ಆಂಜಿಯೋದಲ್ಲಿ ಮಡಿದಾಗ ಮಗ ರೋಜರ್ ಐದು ತಿಂಗಳ ಕೂಸು. 1968ರ 'ಕಾರ್ಪೊರಲ್ ಕ್ಲೆಗ್' ಹಾಡಿನಲ್ಲಿ ಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕ ಬರುತ್ತಾನೆ. ಅಲ್ಲಿ ಧಾಟಿ ಇನ್ನೂ ತಮಾಷೆಯದು. 1972ರ 'ಫ್ರೀ ಫೋರ್' ಚಪ್ಪಾಳೆ ತಟ್ಟಿಸುವ ಲವಲವಿಕೆಯ ರಾಗದ ಮೇಲೆ ಸಾವಿನ ಬಗ್ಗೆ ಮಾತಾಡುತ್ತದೆ, ಹಾಡುವವನು ತನ್ನನ್ನು ಸತ್ತವನೊಬ್ಬನ ಮಗನೆಂದು ಕರೆದುಕೊಳ್ಳುತ್ತಾನೆ. 1979ರ 'ದ ವಾಲ್' ಆಲ್ಬಮ್‌ನಲ್ಲಿ ತಂದೆಯಿಲ್ಲದ ಹುಡುಗನೇ ಕಥಾನಾಯಕ, 1983ರ 'ದ ಫೈನಲ್ ಕಟ್' ಆ ತಂದೆಗೇ ಅರ್ಪಿತ. ಈ ಸರಪಳಿಯನ್ನು ಒಪ್ಪದಿರಲು ಸಾಧ್ಯವೇ ಇಲ್ಲ.

ಆದರೆ ವಾಟರ್ಸ್ ಬ್ಯಾಂಡ್ ಬಿಟ್ಟ ಮೇಲೆ, 1987ರಲ್ಲಿ ಬಂದ 'ದ ಡಾಗ್ಸ್ ಆಫ್ ವಾರ್' ಕೂಡ ಯುದ್ಧದ ಹಾಡೇ. ನಮ್ಮ ಆಲಿಸುವ ಕೊಠಡಿಗೆ ಆಗಾಗ ಬರುವ ಹಿರಿಯರೊಬ್ಬರು ಸೂಚಿಯಲ್ಲಿ 'ಯುದ್ಧ' ಎಂಬ ತಲೆಬರಹದ ಕೆಳಗೆ ಇದನ್ನೂ 'ಫ್ರೀ ಫೋರ್' ಹಾಡನ್ನೂ ಒಟ್ಟಿಗೆ ಕಂಡು, "ಮೇಡಂ, ಅದು ಮಗನೊಬ್ಬನ ಯುದ್ಧ, ಇದು ದುಡ್ಡಿಗಾಗಿ ಹೋರಾಡುವವರ ಯುದ್ಧ. ಎರಡನ್ನೂ ಒಂದೇ ಮನೆಯಲ್ಲಿ ಕೂರಿಸಬೇಡಿ" ಎಂದರು. ಆ ಮಾತು ನೂರಕ್ಕೆ ನೂರು ಸರಿ. ಮೊದಲನೆಯದರ ಸಾಹಿತ್ಯ ವಾಟರ್ಸ್ ಅವರದು, ಎರಡನೆಯದನ್ನು ಬರೆದವರು ಬ್ಯಾಂಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಮತ್ತು ಹೊರಗಿನ ಗೀತರಚನಕಾರ ಆಂಥನಿ ಮೂರ್. ಅದರಲ್ಲಿ ತಂದೆಯಿಲ್ಲ, ದುಃಖವಿಲ್ಲ. ಕೂಲಿ ಸೈನಿಕರೂ ಅವರ ಹಿಂದಿನ ಹಣವೂ ಇವೆ. ಅಂದಿನಿಂದ ನಮ್ಮ ಸೂಚಿಯಲ್ಲಿ ವಿಷಯದ ಪಕ್ಕದಲ್ಲೇ ಸಾಹಿತ್ಯ ಬರೆದವರ ಹೆಸರೂ ಬರುತ್ತದೆ. ಇದು ಚಿಕ್ಕ ಬದಲಾವಣೆಯಂತೆ ಕಾಣುತ್ತದೆ, ಆದರೆ 'ಬ್ಯಾಂಡಿಗೆ ಯುದ್ಧದ ಗೀಳು' ಎಂಬ ಸಡಿಲ ಮಾತನ್ನು ಅದು ಅಲ್ಲಿಯೇ ತಡೆಯುತ್ತದೆ.

ಬ್ಯಾರೆಟ್ ಅವರ ವಿಷಯ ಇದಕ್ಕಿಂತ ಸೂಕ್ಷ್ಮ. ಅವರನ್ನು ನೆನೆದು ಹುಟ್ಟಿದ 'ಶೈನ್ ಆನ್ ಯೂ ಕ್ರೇಜಿ ಡೈಮಂಡ್' 1974ರಲ್ಲೇ ವೇದಿಕೆಯಲ್ಲಿ ಕೇಳಿಬಂದಿತ್ತು. ಅದರ ಜೊತೆ ಇನ್ನೆರಡು ಹೊಸ ಹಾಡುಗಳನ್ನೂ ಬ್ಯಾಂಡ್ ಅದೇ ವರ್ಷ ನುಡಿಸುತ್ತಿತ್ತು. ಮುಂದಿನ ಆಲ್ಬಮ್‌ಗೆ ಈ ಮೂರೇ ಸಾಕು ಎಂಬುದು ಗಿಲ್ಮೋರ್ ಅವರ ಅಭಿಪ್ರಾಯವಾಗಿತ್ತು. ವಾಟರ್ಸ್ ಒಪ್ಪಲಿಲ್ಲ. ಆ ದೀರ್ಘ ರಚನೆಯನ್ನು ಎರಡಾಗಿ ಒಡೆದು ಆಲ್ಬಮ್‌ನ ಆರಂಭದಲ್ಲೂ ಕೊನೆಯಲ್ಲೂ ಇಟ್ಟು, ನಡುವೆ ಗೈರುಹಾಜರಿಯ ಭಾವಕ್ಕೆ ಒಗ್ಗುವ ಹೊಸ ಹಾಡುಗಳನ್ನು ಸೇರಿಸಬೇಕೆಂದು ಅವರು ಸೂಚಿಸಿದರು, ಹಾಗೆಯೇ ಆಯಿತು. 1975ರ 'ವಿಶ್ ಯೂ ವರ್ ಹಿಯರ್' ಆಲ್ಬಮ್‌ಗೆ ಒಂದೇ ವಿಷಯದ ಬಿಗಿ ಬಂದದ್ದು ಹೀಗೆ, ಹಾಡುಗಳನ್ನು ಜೋಡಿಸಿದ ತೀರ್ಮಾನದಿಂದ.

ಬಿಟ್ಟುಹೋದ ಆ ಎರಡು ಹಾಡುಗಳ ಗತಿ ಏನಾಯಿತು ಎಂಬುದು ನಮ್ಮ ಕೆಲಸದಲ್ಲಿರುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಸಂಗತಿ. 1974ರಲ್ಲಿ 'ರೇವಿಂಗ್ ಆ್ಯಂಡ್ ಡ್ರೂಲಿಂಗ್', 'ಯೂ ಹ್ಯಾವ್ ಗಾಟ್ ಟು ಬಿ ಕ್ರೇಜಿ' ಎಂಬ ಹೆಸರಿನಲ್ಲಿದ್ದ ಅವು, ಸಾಹಿತ್ಯದಲ್ಲಿ ತಿದ್ದುಪಡಿಯಾಗಿ 1977ರ 'ಆ್ಯನಿಮಲ್ಸ್' ಆಲ್ಬಮ್‌ನಲ್ಲಿ 'ಶೀಪ್' ಮತ್ತು 'ಡಾಗ್ಸ್' ಆದವು. ಮೊದಲಿಗೆ ಅವು ಪ್ರಾಣಿಗಳ ರೂಪಕದ ಹಾಡುಗಳೇ ಆಗಿರಲಿಲ್ಲ. ಸಮಾಜವನ್ನು ನಾಯಿ, ಹಂದಿ, ಕುರಿಗಳಾಗಿ ವಿಂಗಡಿಸಿ ನೋಡುವ ಕಲ್ಪನೆ ನಂತರ ಬಂತು, ಹಾಡುಗಳು ಅದಕ್ಕೆ ತಕ್ಕಂತೆ ಮೈ ತಿರುಗಿಸಿಕೊಂಡವು. ರಾಗಗಳ ಕಥೆಯೂ ಇದೇ. 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್‌ನ 'ಅಸ್ ಆ್ಯಂಡ್ ದೆಮ್' ಯುದ್ಧವನ್ನೂ ಬಡವರ ಬಗೆಗಿನ ನಿರ್ಲಕ್ಷ್ಯವನ್ನೂ ಕುರಿತು ಮಾತಾಡುತ್ತದೆ. ಆದರೆ ಅದರ ಪಿಯಾನೋ ಭಾಗವನ್ನು ಬ್ಯಾಂಡಿನ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ರಚಿಸಿದ್ದು ಅದಕ್ಕೂ ಕೆಲವು ವರ್ಷಗಳ ಹಿಂದೆ, ಇಟಲಿಯ ನಿರ್ದೇಶಕ ಆಂಟೋನಿಯೋನಿ ಅವರ ಚಿತ್ರವೊಂದಕ್ಕಾಗಿ. ನಿರ್ದೇಶಕರು ಅದನ್ನು ಬೇಡವೆಂದು ಹಿಂದಿರುಗಿಸಿದ್ದರು. ಹಾಡಿನ ಸಂಗೀತ ಹುಟ್ಟಿದ ವರ್ಷ ಒಂದು, ವಿಷಯ ಹುಟ್ಟಿದ ವರ್ಷ ಇನ್ನೊಂದು. ಕಾಲಾನುಕ್ರಮದ ಮೇಲೆ ವಾದ ಕಟ್ಟುವ ಅಭಿಮಾನಿಗೆ ಈ ಎರಡೂ ವರ್ಷಗಳು ಬೇಕು, ಹಾಗಾಗಿ ಸೂಚಿ ಎರಡನ್ನೂ ಕೊಡಬೇಕು.

ಮತ್ತೆ ಬ್ಯಾರೆಟ್ ಅವರ ಕಡೆಗೆ ಬರುವುದಾದರೆ, 1975ರ ಜೂನ್ 5ರಂದು 'ಶೈನ್ ಆನ್' ಹಾಡಿನ ಕೆಲಸ ನಡೆಯುತ್ತಿದ್ದ ಆ್ಯಬಿ ರೋಡ್ ಸ್ಟುಡಿಯೋಗೆ ಅವರೇ ಬಂದು ನಿಂತಾಗ, ತಲೆ ಹುಬ್ಬುಗಳನ್ನು ಬೋಳಿಸಿಕೊಂಡು ದಪ್ಪಗಾಗಿದ್ದ ಅವರನ್ನು ಹಳೆಯ ಗೆಳೆಯರೇ ಮೊದಲಿಗೆ ಗುರುತಿಸಲಿಲ್ಲ. ಈ ಪ್ರಸಂಗ ಎಷ್ಟು ಮನಕಲಕುವಂಥದ್ದೆಂದರೆ, ಕೇಳಿದ ಮೇಲೆ ಎಲ್ಲ ಹಾಡಿನಲ್ಲೂ ಬ್ಯಾರೆಟ್ ಕಾಣತೊಡಗುತ್ತಾರೆ. ಅವರ ಪರ ವಾದಿಸುವವರ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಹಾಡಿನ ಬಹುಭಾಗ ಆ ಹೊತ್ತಿಗೆ ಸಿದ್ಧವಾಗಿತ್ತು. ಆ ಭೇಟಿ ಹಾಡಿಗೆ ಕಾರಣವಲ್ಲ. ಅಲ್ಲದೆ, ಬದುಕನ್ನು ಎದುರಿಸಲಾಗದೆ ಪೂರ್ತಿಯಾಗಿ ಹಿಂದೆ ಸರಿಯುವವರೆಲ್ಲರಿಗೂ ಬ್ಯಾರೆಟ್ ಇಲ್ಲಿ ಒಂದು ಸಂಕೇತ ಎಂಬರ್ಥದ ಮಾತನ್ನು ವಾಟರ್ಸ್ ಅವರೇ ಆಡಿದ್ದಾರೆ. ಹಾಗಾಗಿ 'ಸಿಡ್ ಬ್ಯಾರೆಟ್' ಎಂಬುದನ್ನು ನಾನು ಆ ಹಾಡಿನ ವ್ಯಕ್ತಿಸೂಚಿಯಲ್ಲಿ ಇಡುತ್ತೇನೆ, ವಿಷಯದ ಅಂಕಣದಲ್ಲಿ 'ಗೈರುಹಾಜರಿ' ಎಂದು ಬರೆಯುತ್ತೇನೆ.

ಹಾಡುವ ಕಂಠವನ್ನು ನಂಬಿ ವಿಷಯ ನಿರ್ಧರಿಸುವುದೂ ಅಪಾಯಕಾರಿ. 'ಹ್ಯಾವ್ ಎ ಸಿಗಾರ್' ಹಾಡಿನಲ್ಲಿ ಮಾತಾಡುವವನು ಲಾಭಕ್ಕೆ ಬಾಯಿ ಬಿಡುವ ಸಂಗೀತ ಕಂಪನಿಯ ಅಧಿಕಾರಿ. ಹಾಡಿದವರು ಬ್ಯಾಂಡಿನ ಹೊರಗಿನವರಾದ ರಾಯ್ ಹಾರ್ಪರ್, ಬರೆದವರು ವಾಟರ್ಸ್. ಇದಕ್ಕಿಂತ ಕಷ್ಟದ್ದು 1994ರ 'ವೇರಿಂಗ್ ದ ಇನ್‌ಸೈಡ್ ಔಟ್'. ತನ್ನೊಳಗೇ ಮುದುಡಿ, ಮಾತು ಕಳೆದುಕೊಂಡು, ನಿಧಾನವಾಗಿ ಹೊರಬರುವ ಮನುಷ್ಯನ ಹಾಡದು. ಹಿಂದೊಮ್ಮೆ ಬ್ಯಾಂಡಿನಿಂದ ಹೊರದೂಡಲ್ಪಟ್ಟಿದ್ದ ರೈಟ್ ಅದನ್ನು ಹಾಡಿದ್ದರಿಂದ, ಇದು ಅವರದೇ ಆತ್ಮಕಥೆ ಎಂದು ಕೇಳುಗರು ಗಟ್ಟಿಯಾಗಿ ನಂಬುತ್ತಾರೆ. ರಾಗ ರೈಟ್ ಅವರದು, ಸಾಹಿತ್ಯ ಆಂಥನಿ ಮೂರ್ ಅವರದು. ಕೇಳುಗರ ನಂಬಿಕೆಯನ್ನು ನಾನು ತಳ್ಳಿಹಾಕುವುದಿಲ್ಲ, ಏಕೆಂದರೆ ಹಾಡುವವರು ಒಪ್ಪಿ ಹಾಡಿದ ಮಾತಿನಲ್ಲಿ ಅವರ ಪಾಲೂ ಇರುತ್ತದೆ. ಆದರೆ 'ಆತ್ಮಕಥನ' ಎಂದು ಬರೆಯಲು ಅದು ಸಾಲದು.

ಹಾಗಾದರೆ ಒಬ್ಬರಿಗಿಂತ ಹೆಚ್ಚು ಜನರ ಬರಹದಲ್ಲಿ ಮರಳುವ ವಿಷಯವೇ ಇಲ್ಲವೇ? ಇದೆ ಎಂದು ನಾನು ನಂಬುತ್ತೇನೆ, ಆದರೆ ಅದಕ್ಕೆ ದೊಡ್ಡ ವಾದಗಳಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ. ಬ್ಯಾರೆಟ್, ವಾಟರ್ಸ್, ಗಿಲ್ಮೋರ್ ಮೂವರೂ ಬೆಳೆದದ್ದು ಕೇಂಬ್ರಿಡ್ಜ್‌ನಲ್ಲಿ. 1967ರ ಮೊದಲ ಆಲ್ಬಮ್‌ನಲ್ಲಿ ಬ್ಯಾರೆಟ್ ಬರೆದ ಹಾಡುಗಳ ತುಂಬ ಬಾಲ್ಯದ ಲೋಕವಿದೆ, ಆಲ್ಬಮ್‌ನ ಹೆಸರೇ ನದಿತೀರದ ಮಕ್ಕಳ ಕಥೆಯೊಂದರ ಅಧ್ಯಾಯದಿಂದ ಬಂದದ್ದು. 1969ರ 'ಗ್ರಾಂಚೆಸ್ಟರ್ ಮೆಡೋಸ್' ಹಾಡಿನಲ್ಲಿ ವಾಟರ್ಸ್ ಆ ಊರಿನ ಹೊರವಲಯದ ನದಿಯಂಚಿನ ಹುಲ್ಲುಗಾವಲನ್ನು ನೆನೆಯುತ್ತಾರೆ. ಹಾಡಿನುದ್ದಕ್ಕೂ ಹಕ್ಕಿಯ ಚಿಲಿಪಿಲಿ, ಕೊನೆಯಲ್ಲಿ ಹಾರಾಡುವ ನೊಣ. 1994ರ 'ಹೈ ಹೋಪ್ಸ್' ಗಂಟೆಯ ನಾದ ಮತ್ತು ಕೀಟದ ಗುಂಯ್‌ಗುಡುವಿಕೆಯೊಂದಿಗೆ ತೊಡಗಿ, ಗಿಲ್ಮೋರ್ ಮತ್ತು ಲೇಖಕಿ ಪಾಲಿ ಸ್ಯಾಮ್ಸನ್ ಬರೆದ ಸಾಲುಗಳಲ್ಲಿ ಬಾಲ್ಯದ ಹಸಿರನ್ನು ಹಂಬಲಿಸುತ್ತದೆ. 25 ವರ್ಷಗಳ ಅಂತರದ ಈ ಎರಡು ಹಾಡುಗಳನ್ನು ಒಂದರ ಬೆನ್ನಿಗೆ ಇನ್ನೊಂದು ಕೇಳಿದವರಿಗೆ, ಬರೆದವರು ಬದಲಾದರೂ ನೆಲ ಬದಲಾಗಿಲ್ಲ ಎಂಬುದು ಕಿವಿಗೇ ತಿಳಿಯುತ್ತದೆ. ಬ್ಯಾಂಡಿನ ವಿಷಯ ಎಂದು ನಾನು ಧೈರ್ಯವಾಗಿ ಬರೆಯುವುದು ಇದನ್ನು.

ಮಾತು ಕಡಿದುಹೋಗುವ ವಿಷಯದ ಪರ ಇರುವವರಿಗೆ 1994ರ 'ದ ಡಿವಿಷನ್ ಬೆಲ್' ದೊಡ್ಡ ಆಧಾರ. ಬ್ರಿಟಿಷ್ ಸಂಸತ್ತಿನಲ್ಲಿ ಮತದಾನಕ್ಕೆ ಸದಸ್ಯರನ್ನು ಕರೆಯುವ ಗಂಟೆಯ ಹೆಸರು ಅದಕ್ಕಿದೆ, ಮುಖಪುಟದಲ್ಲಿ ಎರಡು ಬೃಹತ್ ಲೋಹದ ತಲೆಗಳು ಎದುರುಬದುರು ನಿಂತಿವೆ, 'ಕೀಪ್ ಟಾಕಿಂಗ್' ಹಾಡಿನಲ್ಲಿ ಸ್ಟೀಫನ್ ಹಾಕಿಂಗ್ ಅವರ ಯಂತ್ರಧ್ವನಿ ಕೇಳಿಸುತ್ತದೆ. ಇಲ್ಲಿ ಸೂಚಿ ಬರೆಯುವುದು ಸುಲಭ. ತೊಡಕಿರುವುದು 2014ರ 'ದಿ ಎಂಡ್‌ಲೆಸ್ ರಿವರ್' ಆಲ್ಬಮ್‌ನಲ್ಲಿ. ಹೆಚ್ಚಾಗಿ 1993-94ರ ಧ್ವನಿಮುದ್ರಣಗಳಿಂದ ಕಟ್ಟಿದ, 2008ರಲ್ಲಿ ತೀರಿಕೊಂಡ ರೈಟ್ ಅವರ ಸ್ಮರಣೆಗೆ ಮೀಸಲಾದ ಈ ಆಲ್ಬಮ್ ಬಹುಪಾಲು ಬರೀ ವಾದ್ಯಸಂಗೀತ; ಪೂರ್ಣ ಸಾಹಿತ್ಯವಿರುವ ಹಾಡು ಸ್ಯಾಮ್ಸನ್ ಬರೆದ 'ಲೌಡರ್ ದ್ಯಾನ್ ವರ್ಡ್ಸ್' ಒಂದೇ, ಅದರ ವಿಷಯವೂ ಒಟ್ಟಿಗೆ ನುಡಿಸುವಾಗ ಮಾತನ್ನು ಮೀರಿ ಆಗುವಂಥದ್ದು. ಆ ಒಂದು ಹಾಡಿನ ವಿಷಯವನ್ನು ಉಳಿದ ವಾದ್ಯ ರಚನೆಗಳಿಗೂ ಹಂಚಬೇಕೆಂದು ಕೆಲವು ಅಭಿಮಾನಿಗಳು ಕೇಳುತ್ತಾರೆ, ಇಡೀ ಆಲ್ಬಮ್‌ಗೆ 'ಗೈರುಹಾಜರಿ' ಎಂದು ಬರೆಯಿರಿ ಎನ್ನುತ್ತಾರೆ ಬ್ಯಾರೆಟ್ ಪಕ್ಷದವರು. ಸಾಹಿತ್ಯವಿಲ್ಲದ ಕಡೆ ನಾನು ಅಂಕಣವನ್ನು ಖಾಲಿ ಬಿಟ್ಟು, ಟಿಪ್ಪಣಿಯ ಜಾಗದಲ್ಲಿ ಎರಡೂ ಕಡೆಯ ವಾದವನ್ನು ಒಂದೊಂದು ವಾಕ್ಯದಲ್ಲಿ ದಾಖಲಿಸಿದ್ದೇನೆ.