ಲೀಸ್ ಕಾರು ವಾಪಸ್ ಕೊಡುವ ಮುಂಚೆ ಹಿಂದಿನ ಪ್ಲೇಟಿನ ಸ್ಟಿಕ್ಕರ್ ನೋಡಿ

ಭಾನುವಾರ, 9 ಮಾರ್ಚ್ 2025
ಸನಿವೇಲ್, ಕ್ಯಾಲಿಫೋರ್ನಿಯಾ

36 ತಿಂಗಳ ಲೀಸ್ (ತಿಂಗಳ ಬಾಡಿಗೆಗೆ ಕಾರು ಪಡೆಯುವ ಕರಾರು) ಮುಗಿಯುವ ಹೊತ್ತಿಗೇ, ಪ್ಲೇಟಿನ ಸ್ಟಿಕ್ಕರ್ ತೋರಿಸುವ ವಾರ್ಷಿಕ ರಿಜಿಸ್ಟ್ರೇಶನ್ನಿನ ಗಡುವೂ ಬರುವುದು ಇಲ್ಲಿ ಮಾಮೂಲು. ಎರಡರ ಲೆಕ್ಕವೂ ಕಾರು ತಂದ ಆಸುಪಾಸಿನಲ್ಲೇ ಶುರುವಾಗಿರುತ್ತದಲ್ಲ. ‘ಹತ್ತು ದಿನಕ್ಕೆ ಕೊಟ್ಟುಬಿಡೋ ಕಾರಿಗೆ ವರ್ಷದ ದುಡ್ಡು ಯಾಕೆ ಕಟ್ಟಬೇಕು’ ಎಂದು ಸುಮ್ಮನಾದರೆ ತೊಡಕು. ಕೀ ಒಪ್ಪಿಸುವವರೆಗೆ ಆ ಹೊಣೆ ಸಾಮಾನ್ಯವಾಗಿ ಲೀಸ್ ಪಡೆದವರದೇ. ಕರಾರು ತೆಗೆದು ಓದಿ. ಬಾಕಿ ಬಿಟ್ಟು ಬಂದರೆ ಫೀಸೂ ದಂಡವೂ ಲೀಸ್ ಕಂಪನಿಯ ಕೊನೆಯ ಬಿಲ್ಲಿಗೆ ಸೇರಿಕೊಳ್ಳುತ್ತವೆ.

ಗಡುವು ದಾಟಿದ ಮರುದಿನದಿಂದಲೇ ಡಿಎಂವಿ (ಇಲ್ಲಿನ ಆರ್‌ಟಿಓ ಥರದ ಸಾರಿಗೆ ಇಲಾಖೆ) ದಂಡ ಹಾಕುತ್ತದೆ. ರಿಜಿಸ್ಟ್ರೇಶನ್ ಬಿಲ್ಲಿನಲ್ಲಿ ಕಾರಿನ ಬೆಲೆಯ ಮೇಲೆ ಹಾಕುವ ವೆಹಿಕಲ್ ಲೈಸೆನ್ಸ್ ಫೀ 200 ಡಾಲರ್ ಎಂದಿಟ್ಟುಕೊಳ್ಳಿ. ಮೊದಲ 10 ದಿನದೊಳಗೆ ಅದರ 10%, ಜೊತೆಗೆ 10-10 ಡಾಲರಿನ ಎರಡು ತಡ ಶುಲ್ಕ: ಒಟ್ಟು 40. 11ರಿಂದ 30 ದಿನಕ್ಕೆ 20%, ಮೇಲೆ 15-15: ಒಟ್ಟು 70. 31ನೇ ದಿನ ಬಂತೋ, 60% ಮತ್ತು 30-30: ಒಟ್ಟು 180. ಇದೆಲ್ಲ ಮೂಲ ಫೀಸಿನ ಜೊತೆಗೆ ಹೆಚ್ಚುವರಿ.

ಗಡುವಿಗೆ ಮುಂಚೆಯೇ ಕಾರು ಒಪ್ಪಿಸಲು ಆದರೆ ಅದೇ ಒಳ್ಳೆಯದು. ಹೊಸ ಕಾರು ತಡವಾಯಿತೆಂದು ಲೀಸನ್ನು ಒಂದೆರಡು ತಿಂಗಳು ಮುಂದೂಡುವವರೇ ಹೆಚ್ಚಾಗಿ ಸಿಕ್ಕಿಬೀಳುವುದು. ಮುಂದೂಡುವುದಾದರೆ ರಿನ್ಯೂ ಮಾಡಿಸಲೇಬೇಕು. ಗಡುವು ಕಳೆದು ಆರು ತಿಂಗಳು ದಾಟಿದ ಗಾಡಿಯನ್ನು ರಸ್ತೆಯಿಂದಲೇ ಪೊಲೀಸರು ಎಳೆಸಿಕೊಂಡು ಹೋಗಬಹುದು.

ರಿನ್ಯೂ ಮಾಡಲು ಡಿಎಂವಿ ಸೈಟಿನಲ್ಲಿ ಪ್ಲೇಟ್ ನಂಬರ್, ವಿಐಎನ್‌ನ (ಕಾರಿನ ಗುರುತು ಸಂಖ್ಯೆಯ) ಕೊನೆಯ 5 ಅಂಕೆ ಹಾಕಿದರೆ ಸಾಕು. ಮೂರು ವರ್ಷದ ಕಾರಿಗೆ ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಬೇಡ. ಸೈಟಿನಲ್ಲಿ ತಡೆ ತೋರಿಸಿದರೆ ಹಳೆಯ ಪಾರ್ಕಿಂಗ್ ಟಿಕೆಟ್ಟೋ ಕಟ್ಟದ ಟೋಲೋ ಇದೆಯಾ ನೋಡಿ. ಅದು ತೀರದೆ ರಿನ್ಯೂ ಆಗುವುದಿಲ್ಲ. ಅಂಚೆಗೆ ಕಾಯುವಷ್ಟು ದಿನ ಇಲ್ಲದಿದ್ದರೆ ದಿನಸಿ ಅಂಗಡಿಗಳಲ್ಲಿರುವ ಡಿಎಂವಿ ಕಿಯೋಸ್ಕಿಗೆ (ನಾವೇ ಬಳಸುವ ಯಂತ್ರ) ಹೋಗಿ. ಸ್ಟಿಕ್ಕರ್ ಅಲ್ಲೇ ಕೈಗೆ ಬರುತ್ತದೆ.

ಇನ್ಶೂರೆನ್ಸನ್ನು ಮಾತ್ರ ದಯವಿಟ್ಟು ಮೊದಲೇ ರದ್ದು ಮಾಡಬೇಡಿ. ರದ್ದಾದ ಸುದ್ದಿ ವಿಮಾ ಕಂಪನಿಯಿಂದ ನೇರ ಡಿಎಂವಿಗೆ ಹೋಗುತ್ತದೆ, ಫೀಸು ಕಟ್ಟಿದ್ದರೂ ರಿಜಿಸ್ಟ್ರೇಶನ್ ಅಮಾನತಾಗಬಹುದು.

ಒಪ್ಪಿಸುವ ದಿನ ಎರಡೂ ಕೀ ಕೊಡಿ. ಕಾರು ಎಷ್ಟು ಮೈಲಿ ಓಡಿದೆ ಎನ್ನುವ ಓಡೋಮೀಟರ್ ಹೇಳಿಕೆಗೆ ಸಹಿ ಹಾಕಿ ಒಂದು ಪ್ರತಿ ಇಟ್ಟುಕೊಳ್ಳಿ. ದಿನಾಂಕವಿರುವ ರಸೀದಿ ಇಲ್ಲದೆ ಹೊರಡಬೇಡಿ. ಮಾಮೂಲಿ ಪ್ಲೇಟ್ ಕಾರಿನಲ್ಲೇ ಇರಲಿ. ಟೋಲ್ ಕಟ್ಟುವ ಫಾಸ್ಟ್ರ್ಯಾಕ್ ಟ್ಯಾಗ್ ಕಿತ್ತುಕೊಂಡರೆ ಸಾಲದು, ಖಾತೆಯಿಂದ ಆ ಪ್ಲೇಟ್ ನಂಬರನ್ನೂ ತೆಗೆಯಿರಿ. ಇಲ್ಲದಿದ್ದರೆ ಮುಂದೆ ಆ ಕಾರು ಓಡಿಸುವವರ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತದೆ.